ಸಪ್ತಾಪುರದ ಇಂಗ್ಲಿಷ್ ಸಂಜೆ ತರಗತಿ: ನಾಲ್ಕು ತಿಂಗಳು ಕೂತು ಕಲಿತ ಮೇಲೆ ಬರೆದ ಅಭಿಪ್ರಾಯ

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆಂದೇ ನಡೆಯುವ ಒಂದು ಇಂಗ್ಲಿಷ್ ಸಂಜೆ ತರಗತಿಗೆ ನಾನು ನಾಲ್ಕು ತಿಂಗಳು ತಪ್ಪದೆ ಹೋಗಿದ್ದೇನೆ. ಅಲ್ಲಿ ಕಲಿಸುವುದು ಎರಡೇ ವಿಷಯ: ಪ್ಯಾಸೇಜ್ ಓದಿ ಪ್ರಶ್ನೆಗಳಿಗೆ ಉತ್ತರಿಸುವುದು ಮತ್ತು ಶಬ್ದಸಂಪತ್ತನ್ನು ಬೆಳೆಸಿಕೊಳ್ಳುವುದು. ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಆರರಿಂದ ಏಳೂವರೆಯ ತನಕ ಪಾಠ, ಶನಿವಾರ ಪರೀಕ್ಷೆ, ಭಾನುವಾರ ರಜೆ. ನಾಲ್ಕು ತಿಂಗಳಿಗೆ ಶುಲ್ಕ 4,500 ರೂಪಾಯಿ. ಎರಡು ಕಂತಿನಲ್ಲಿ ಕಟ್ಟಬಹುದು. ತರಗತಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮೆಚ್ಚಿದ್ದರ ಜೊತೆಗೆ ಕೊರತೆಗಳನ್ನೂ ಹೇಳಬೇಕಾಗಿದೆ, ಮತ್ತು ಒಬ್ಬರೇ ನಡೆಸಿಕೊಂಡು ಬರುತ್ತಿರುವ ಸಣ್ಣ ತರಗತಿಗೆ ಅದರಿಂದ ಪೆಟ್ಟು ಬೀಳುವುದು ನನಗೆ ಬೇಕಿಲ್ಲ. ಸಪ್ತಾಪುರದ ಯಾವುದಾದರೂ ರೀಡಿಂಗ್ ರೂಮಿನಲ್ಲಿ "ಕನ್ನಡದಾಗ ಇಂಗ್ಲಿಷ್ ಹೇಳೋ ಮೇಡಂ" ಎಂದು ಕೇಳಿದರೆ ದಾರಿ ತೋರಿಸುತ್ತಾರೆ.

ನಾನು ಹಾವೇರಿ ಜಿಲ್ಲೆಯ ಹಳ್ಳಿಯಿಂದ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೂ ಆಮೇಲೆ ಬಿ.ಎ.ಯನ್ನು ಇತಿಹಾಸ ಮತ್ತು ಕನ್ನಡ ಸಾಹಿತ್ಯದಲ್ಲಿಯೂ ಓದಿದ ಅಭ್ಯರ್ಥಿ. ಗಣಿತ, ರೀಸನಿಂಗ್, ಸಾಮಾನ್ಯ ಜ್ಞಾನ ಇವುಗಳಲ್ಲಿ ನಮ್ಮಂಥವರು ಯಾರಿಗೂ ಕಡಿಮೆಯಿಲ್ಲ ಎಂಬುದನ್ನು ರೀಡಿಂಗ್ ರೂಮಿನಲ್ಲಿ ದಿನವೂ ಕಂಡಿದ್ದೇನೆ. ಅಂಕ ಸೋರಿಹೋಗುವುದು ಇಂಗ್ಲಿಷಿನಲ್ಲಿ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ, ಅಂದರೆ ಎಸ್‌ಎಸ್‌ಸಿ, ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳ ಪೈಕಿ 25 ಇಂಗ್ಲಿಷಿನವು. ಎರಡನೆಯ ಹಂತದ ಮುಖ್ಯ ಪತ್ರಿಕೆಯಲ್ಲಿ ರ‍್ಯಾಂಕಿಗೆ ಲೆಕ್ಕಕ್ಕೆ ಬರುವ 390 ಅಂಕಗಳಲ್ಲಿ 135 ಅಂಕ ಇಂಗ್ಲಿಷ್ ಒಂದಕ್ಕೇ ಮೀಸಲು, ಅಂದರೆ ಗಣಿತಕ್ಕಿಂತಲೂ ಹೆಚ್ಚು. ಬ್ಯಾಂಕ್ ಗುಮಾಸ್ತರ ನೇಮಕಾತಿಯ ಐಬಿಪಿಎಸ್ ಕ್ಲರ್ಕ್ ಪೂರ್ವಭಾವಿಯಲ್ಲಿ ಇಂಗ್ಲಿಷಿನ 30 ಪ್ರಶ್ನೆಗೆ 20 ನಿಮಿಷ. ಕೆಪಿಎಸ್‌ಸಿಯ ಗ್ರೂಪ್ ಸಿ ಹುದ್ದೆಗಳ ಸಂವಹನ ಪತ್ರಿಕೆಯಲ್ಲಿ ಸಾಮಾನ್ಯ ಇಂಗ್ಲಿಷಿಗೆ 35 ಅಂಕ. 2023ರಿಂದ ಎಸ್‌ಎಸ್‌ಸಿಯ ಹತ್ತನೆಯ ತರಗತಿ, ಪಿಯುಸಿ ಮಟ್ಟದ ಹುದ್ದೆಗಳ ಎಂಟಿಎಸ್ ಮತ್ತು ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ, ಅದು ಬಹಳ ದಿನಗಳ ಬೇಡಿಕೆ ಈಡೇರಿದ ಸಂತೋಷದ ವಿಷಯ. ಆದರೆ ಅವುಗಳಲ್ಲಿಯೂ ಇಂಗ್ಲಿಷ್ ವಿಭಾಗ ಇಂಗ್ಲಿಷಾಗಿಯೇ ಉಳಿದಿದೆ. ಹೀಗಾಗಿ ಈ ವಿಷಯವನ್ನು ಪಕ್ಕಕ್ಕಿಟ್ಟು ಮುಂದೆ ಹೋಗುವ ದಾರಿ ಇಲ್ಲ.

ತರಗತಿಗೆ ಸೇರುವ ಮುನ್ನ ಎರಡು ವರ್ಷ ನಾನು ಮಾಡುತ್ತಿದ್ದುದು ಬಹುತೇಕ ಎಲ್ಲರೂ ಮಾಡುವ ಕೆಲಸ. ಅಕಾರಾದಿಯಾಗಿ ಮೂರು ಸಾವಿರ ಪದಗಳಿರುವ ಒಂದು ಪಟ್ಟಿಯ ಪುಸ್ತಕ ಕೊಂಡು, ಬೆಳಿಗ್ಗೆ ಇಪ್ಪತ್ತು ಪದ ಬಾಯಿಪಾಠ ಮಾಡಿ, ಸಂಜೆಯ ಹೊತ್ತಿಗೆ ಹದಿನೈದನ್ನು ಮರೆಯುತ್ತಿದ್ದೆ. ಪ್ಯಾಸೇಜಿನ ಅಭ್ಯಾಸವೆಂದರೆ ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಪಾಠಗಳನ್ನು ನೋಡುವುದು. ಅವುಗಳಲ್ಲಿ ಹೆಚ್ಚಿನವು ಹಿಂದಿಯಲ್ಲಿವೆ. ಕಲಿಸುವವರು ಚೆನ್ನಾಗಿಯೇ ಕಲಿಸುತ್ತಾರೆ, ಆದರೆ ತಿಳಿಯದ ಇಂಗ್ಲಿಷನ್ನು ಅರೆಬರೆ ತಿಳಿಯುವ ಹಿಂದಿಯ ಮೂಲಕ ಕಲಿಯಲು ಹೊರಟರೆ ಎರಡು ಗೋಡೆ ಹತ್ತಿದಂತಾಗುತ್ತದೆ. ಹತ್ತಿ ಇಳಿದ ಮೇಲೆ ಕೈಯಲ್ಲಿ ಉಳಿದದ್ದು ಏನು ಎಂದು ನೋಡಿಕೊಂಡರೆ ಬಹಳ ಸಲ ಏನೂ ಇರುತ್ತಿರಲಿಲ್ಲ. ಸೇರಿದ ವಾರ ಬರೆದ ಅಳತೆಯ ಪರೀಕ್ಷೆಯಲ್ಲಿ ನನಗೆ 25 ಪ್ರಶ್ನೆಗಳಲ್ಲಿ ಸರಿಯಾದದ್ದು 9. ಈ ತರಗತಿಯ ಬೆಲೆ ಏನೆಂದು ತಿಳಿಯಲು ಆ 9 ಎಂಬ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮೇಡಂ ಅವರ ಕ್ರಮ ಮೊದಲ ದಿನವೇ ಬೇರೆ ಎನ್ನಿಸಿತು. ಎಲ್ಲರ ಕೈಗೂ ಎಂಟೇ ಸಾಲಿನ ಒಂದು ಪ್ಯಾಸೇಜ್ ಕೊಟ್ಟರು. ನಮ್ಮ ಬಯಲುಸೀಮೆಯ ಹಳೆಯ ಕೆರೆಗಳ ಬಗ್ಗೆ ಅವರೇ ಬರೆದದ್ದು. ಅದರಲ್ಲಿ ಒಂದು ವಾಕ್ಯ ಹೀಗಿತ್ತು: ‘ದೇರ್ ವಾಸ್ ಹಾರ್ಡ್ಲಿ ಎ ವಿಲೇಜ್ ಇನ್ ದ ಟ್ರ್ಯಾಕ್ಟ್ ವಿದೌಟ್ ಇಟ್ಸ್ ಟ್ಯಾಂಕ್.’ ಕೆಳಗೆ ನಾಲ್ಕು ಆಯ್ಕೆ: ಹೆಚ್ಚಿನ ಊರುಗಳಲ್ಲಿ ಕೆರೆ ಇರಲಿಲ್ಲ, ಹೆಚ್ಚಿನ ಊರುಗಳಲ್ಲಿ ಕೆರೆ ಇತ್ತು, ಕೆರೆ ಕಟ್ಟುವುದು ಕಷ್ಟವಾಗಿತ್ತು, ಒಂದೇ ಊರಿಗೆ ಕೆರೆ ಇತ್ತು. ಕೋಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮೊದಲನೆಯದನ್ನು ಗುರುತಿಸಿದ್ದರು. ‘ಹಾರ್ಡ್’ ಎಂದರೆ ಕಷ್ಟ ಎಂಬುದನ್ನು ಹಿಡಿದುಕೊಂಡು ಮೂರನೆಯದನ್ನು ಗುರುತಿಸಿದವರೂ ಇದ್ದರು, ಅವರಲ್ಲಿ ನಾನೂ ಒಬ್ಬ ಅಭ್ಯರ್ಥಿ. ನನ್ನ ಪಕ್ಕದಲ್ಲಿ ಕೂತಿದ್ದ ಗದಗಿನ ಹುಡುಗನಿಗೆ ಟ್ಯಾಂಕ್ ಎಂದರೆ ಮಾಳಿಗೆಯ ಮೇಲಿನ ನೀರಿನ ಟಾಕಿಯೇ ಕಣ್ಣಮುಂದೆ ಬಂದು, ಊರಿಗೊಂದು ಟಾಕಿ ಇಲ್ಲದ ಹಳೆಯ ಕಾಲದ ಕಥೆ ಇದು ಎಂದುಕೊಂಡಿದ್ದ.

ಮೇಡಂ ಯಾರನ್ನೂ ಬೈಯಲಿಲ್ಲ, ಉತ್ತರವನ್ನೂ ಹೇಳಲಿಲ್ಲ. "ನಿಮ್ಮ ಊರಾಗ ‘ಕೆರಿ ಇಲ್ಲದ ಊರ ಇರಲಿಲ್ಲ’ ಅಂತ ಯಾರರ ಅಂದ್ರ ನಿಮಗ ಏನ ತಿಳಿತೈತಿ?" ಎಂದು ಕೇಳಿದರು. ಎಲ್ಲ ಊರಿಗೂ ಕೆರೆ ಇತ್ತು ಎಂದು ಇಡೀ ಕೋಣೆ ಒಟ್ಟಿಗೆ ಹೇಳಿತು. "ಅದ ಮಾತ ಇಲ್ಲಿ ಐತಿ ನೋಡ್ರಿ. ಒಂದು ‘ಇಲ್ಲ’ ಹಾರ್ಡ್ಲಿ ಒಳಗ ಐತಿ, ಇನ್ನೊಂದು ವಿದೌಟ್ ಒಳಗ ಐತಿ" ಎಂದು ಎರಡು ಪದಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿದರು. ಎರಡು ವರ್ಷ ನೋಡಿದ ಯಾವ ಪಾಠದಲ್ಲಿಯೂ ಸಿಗದಿದ್ದ ಬೆಳಕು ಆ ಐದು ನಿಮಿಷಗಳಲ್ಲಿ ನನಗೆ ಸಿಕ್ಕಿತು ಎಂದು ಮನಸಾರೆ ಹೇಳುತ್ತೇನೆ. ನಮಗೆ ಬಾರದೆ ಇದ್ದದ್ದು ಅರ್ಥವಲ್ಲ. ಆ ಅರ್ಥವನ್ನು ನಾವು ಕನ್ನಡದಲ್ಲಿ ದಿನವೂ ಆಡುತ್ತಿದ್ದೆವು. ಇಂಗ್ಲಿಷ್ ಅದನ್ನು ವಾಕ್ಯದ ಯಾವ ಮೂಲೆಯಲ್ಲಿ ಇಟ್ಟಿರುತ್ತದೆ ಎಂಬುದಷ್ಟೇ ಗೊತ್ತಿರಲಿಲ್ಲ.

ಇದನ್ನೇ ಅವರು ಮುಂದಿನ ಮೂರು ವಾರ ಬಿಡಿಸಿ ಹೇಳಿದರು. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಕೊನೆಗೆ ಬರುತ್ತದೆ: ಬರಲಿಲ್ಲ, ಸಿಗದು, ಹೋಗಬಾರದು. ನಮ್ಮ ಕಿವಿ ವಾಕ್ಯದ ತುದಿಯವರೆಗೆ ‘ಇಲ್ಲ’ವನ್ನು ಕಾಯುತ್ತದೆ. ಇಂಗ್ಲಿಷ್ ವಾಕ್ಯ ತನ್ನ ‘ಇಲ್ಲ’ವನ್ನು ಆರಂಭದಲ್ಲಿಯೇ, ಅದೂ ‘ನಾಟ್’ ಎಂಬ ಪದವಿಲ್ಲದೆಯೇ ಹೇಳಿ ಮುಗಿಸಿಬಿಟ್ಟಿರುತ್ತದೆ. ಹಾರ್ಡ್ಲಿ, ಸ್ಕೇರ್ಸ್ಲಿ, ಸೆಲ್ಡಮ್, ಅನ್‌ಲೆಸ್, ಬೇರ್ಲಿ ಇವೆಲ್ಲ ಆ ಗುಂಪಿನವು. ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ, ‘ಎ ಫ್ಯೂ’ ಎಂದರೆ ಕೆಲವು. ಒಂದು ‘ಎ’ ಇದ್ದರೆ ಇದೆ, ಇರದಿದ್ದರೆ ಇಲ್ಲ. ಇನ್ನೊಂದು ತೊಡಕು ವಿಶೇಷಣ ವಾಕ್ಯಗಳದ್ದು. ‘ಅಣೆಕಟ್ಟಿಗೆ ಭೂಮಿ ಕಳೆದುಕೊಂಡ ರೈತರು’ ಎಂದು ನಾವು ವಿವರಣೆಯನ್ನು ಮೊದಲು ಹೇಳಿ ರೈತರನ್ನು ಆಮೇಲೆ ತರುತ್ತೇವೆ. ಇಂಗ್ಲಿಷ್ ರೈತರನ್ನು ಮೊದಲು ನಿಲ್ಲಿಸಿ, ‘ಹೂ’ ಅಥವಾ ‘ವಿಚ್’ ಎಂದು ಆರಂಭಿಸಿ ಎರಡು ಸಾಲು ವಿವರಣೆ ಕೊಟ್ಟು, ಆ ರೈತರು ಏನು ಮಾಡಿದರು ಎಂಬ ಮುಖ್ಯ ಕ್ರಿಯಾಪದವನ್ನು ಅದರಾಚೆ ಇಡುತ್ತದೆ. ಅಷ್ಟರಲ್ಲಿ ನಮ್ಮಂಥ ಓದುಗರಿಗೆ ಕರ್ತೃ ಯಾರು ಎಂಬುದೇ ಮರೆತುಹೋಗಿರುತ್ತದೆ. ಅದಕ್ಕಾಗಿ ಉದ್ದ ವಾಕ್ಯ ಬಂದರೆ ಮೊದಲು ಮುಖ್ಯ ಕ್ರಿಯಾಪದದ ಕೆಳಗೆ ಗೆರೆ, ಆಮೇಲೆ ಅದರ ಕರ್ತೃವಿನ ಕೆಳಗೆ ಗೆರೆ, ನಡುವಿನದಕ್ಕೆ ಕಂಸ. ಹೀಗೆ ದಿನಕ್ಕೆ ಹತ್ತು ವಾಕ್ಯಗಳನ್ನು ಮಾಡಿಸುತ್ತಿದ್ದರು. ‘ಆಲ್‌ದೋ’ ವಾಕ್ಯದ ತಲೆಯಲ್ಲಿ ಕಂಡರೆ ನಮ್ಮ ‘ಆದರೂ’ ಅಲ್ಪವಿರಾಮದ ಹತ್ತಿರ ಬರುತ್ತದೆಂದು ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳಬೇಕಿತ್ತು.

ಪ್ರಶ್ನೆಗಳಿಗೆ ಉತ್ತರಿಸುವಾಗ ಒಂದೇ ನಿಯಮ. ಉತ್ತರ ಹೇಳಿದವರು ಅದು ಇರುವ ಸಾಲನ್ನು ಬೆರಳಿಟ್ಟು ತೋರಿಸಬೇಕು. "ಉತ್ತರ ಸರಿ ಐತಿ, ಖರೆ, ಸಾಲು ಯಾವುದು?" ಎಂದು ಅವರು ಕೇಳದ ದಿನವಿಲ್ಲ. ಅದು ಸುಮ್ಮನೆ ಶಿಸ್ತಿಗಾಗಿ ಇಟ್ಟ ನಿಯಮವಲ್ಲ. ಇತಿಹಾಸ, ಅರ್ಥಶಾಸ್ತ್ರ ಓದಿಕೊಂಡ ನಮ್ಮಂಥವರು ಪ್ಯಾಸೇಜಿನ ವಿಷಯ ಗೊತ್ತಿದ್ದರೆ ನಮ್ಮ ತಿಳಿವಳಿಕೆಯಿಂದ ಉತ್ತರ ಗುರುತಿಸಿಬಿಡುತ್ತೇವೆ. ಹಸಿರು ಕ್ರಾಂತಿಯ ಬಗ್ಗೆ ಒಂದು ಪ್ಯಾಸೇಜಿನಲ್ಲಿ ಅಂತರ್ಜಲ ಕುಸಿತದ ಮಾತೇ ಇರಲಿಲ್ಲ, ಆದರೂ ಲೇಖಕರ ಮುಖ್ಯ ಆತಂಕವೇನು ಎಂಬ ಪ್ರಶ್ನೆಗೆ ಕೋಣೆಯ ಜಾಣರೆಲ್ಲ ಅಂತರ್ಜಲವನ್ನೇ ಗುರುತಿಸಿದ್ದರು, ಏಕೆಂದರೆ ಅದು ಜಗತ್ತಿನಲ್ಲಿ ಸತ್ಯ. ಪ್ಯಾಸೇಜಿನಲ್ಲಿದ್ದ ಆತಂಕ ಸಣ್ಣ ರೈತರ ಸಾಲದ್ದು. ಆಯ್ಕೆಗಳನ್ನು ರಚಿಸುವವರು ಇಂಥ ‘ನಿಜವಾದ ಆದರೆ ಇಲ್ಲಿ ಹೇಳದ’ ಉತ್ತರವೊಂದನ್ನು ಬೇಕೆಂದೇ ಇಟ್ಟಿರುತ್ತಾರೆ ಎಂಬುದು ಬೆರಳಿಟ್ಟು ಸಾಲು ಹುಡುಕಿದ ಮೇಲೆಯೇ ನಮಗೆ ಮನವರಿಕೆಯಾದದ್ದು.

ಶಬ್ದಸಂಪತ್ತಿನ ಪಾಠ ಈ ತರಗತಿಯ ಅತ್ಯಂತ ಶ್ರೀಮಂತ ಭಾಗ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಪಟ್ಟಿಯ ಪುಸ್ತಕವನ್ನು ಅವರು ಮನೆಯಲ್ಲಿಯೇ ಬಿಟ್ಟು ಬರಲು ಹೇಳಿದರು. ದಿನದ ಪ್ಯಾಸೇಜಿನಿಂದ ಐದು ಪದ, ಅದಕ್ಕಿಂತ ಹೆಚ್ಚಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮು: ಪದ, ಅದು ಬಂದ ವಾಕ್ಯ, ಆ ವಾಕ್ಯದಲ್ಲಿ ಅದಕ್ಕಿರುವ ಕನ್ನಡ ಅರ್ಥ, ನಾವೇ ಬರೆದ ಹೊಸ ವಾಕ್ಯ. ಮರುದಿನ, ಮೂರನೆಯ ದಿನ, ಏಳನೆಯ ದಿನ, ಮತ್ತೆ ಇಪ್ಪತ್ತೊಂದನೆಯ ದಿನ ಕನ್ನಡ ಕಾಲಮನ್ನು ಕೈಯಿಂದ ಮುಚ್ಚಿಕೊಂಡು ನೋಡಬೇಕು. ನಾಲ್ಕು ತಿಂಗಳಲ್ಲಿ ನನ್ನ ನೋಟ್‌ಬುಕ್ಕಿನಲ್ಲಿ ಸೇರಿದ್ದು ನಾನೂರು ಪದಗಳಷ್ಟೆ. ಆದರೆ ಇವತ್ತು ಆ ನಾನೂರರಲ್ಲಿ ಯಾವುದನ್ನು ಕೇಳಿದರೂ ಅದು ಬಂದ ವಾಕ್ಯವೇ ನೆನಪಾಗುತ್ತದೆ. ಅರ್ಥ ನೋಡಲು ಅವರು ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟನ್ನು ಮೇಜಿನ ಮೇಲೆ ಇಟ್ಟಿರುತ್ತಿದ್ದರು, ಯಾರು ಬೇಕಾದರೂ ಎದ್ದು ಹೋಗಿ ತೆರೆಯಬಹುದಿತ್ತು.

ಕಷ್ಟದ ಪದಗಳಿಗಿಂತ ಕನ್ನಡದಲ್ಲಿ ನಾವು ಆಗಲೇ ಬಳಸುತ್ತಿರುವ ಇಂಗ್ಲಿಷ್ ಪದಗಳೇ ಹೆಚ್ಚು ಮೋಸ ಮಾಡುತ್ತವೆ ಎಂಬುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು, ಮತ್ತು ನನ್ನ ಅನುಭವದಲ್ಲಿ ಅದು ನೂರಕ್ಕೆ ನೂರು ನಿಜ. ಸಾಲ ಸ್ಯಾಂಕ್ಷನ್ ಆಯಿತು ಎಂದು ನಮ್ಮ ಅಪ್ಪ ಸೊಸೈಟಿಯಿಂದ ಬಂದು ಹೇಳುವಾಗ ಅದರ ಅರ್ಥ ಮಂಜೂರಾತಿ. ಒಂದು ದೇಶ ಇನ್ನೊಂದರ ಮೇಲೆ ಸ್ಯಾಂಕ್ಷನ್ಸ್ ಹೇರಿತು ಎಂದರೆ ಅದು ನಿರ್ಬಂಧ. ಒಂದೇ ಪದ, ಎರಡು ಎದುರುಬದುರು ಅರ್ಥ. ಅರೆಸ್ಟ್ ಎಂದರೆ ಪೊಲೀಸರು ಹಿಡಿಯುವುದು ಎಂದಷ್ಟೇ ತಿಳಿದಿದ್ದ ನಮಗೆ ‘ಅರೆಸ್ಟ್ ದ ಡಿಕ್ಲೈನ್’ ಎಂದರೆ ಕುಸಿತವನ್ನು ತಡೆಯುವುದು ಎಂದು ಹೊಳೆಯಲಿಲ್ಲ. ಕೋರ್ಟು ಅರ್ಜಿಯನ್ನು ‘ಎಂಟರ್‌ಟೇನ್’ ಮಾಡಲಿಲ್ಲ ಎಂಬಲ್ಲಿ ಮನರಂಜನೆಯ ಮಾತಿಲ್ಲ, ಅರ್ಜಿಯನ್ನು ಪರಿಗಣಿಸಲಿಲ್ಲ ಎಂದಷ್ಟೇ ಅರ್ಥ. ಸರ್ಕಾರ ಸಮಸ್ಯೆಯನ್ನು ‘ಅಡ್ರೆಸ್’ ಮಾಡಿತು ಎಂಬಲ್ಲಿ ವಿಳಾಸವಿಲ್ಲ, ಸಮಸ್ಯೆಯನ್ನು ಕೈಗೆತ್ತಿಕೊಂಡಿತು ಎಂದರ್ಥ. ಇಂಥ ಪದಗಳಿಗೆಂದೇ ನೋಟ್‌ಬುಕ್ಕಿನ ಹಿಂಬದಿಯಿಂದ ಬೇರೆ ಪಟ್ಟಿ ಇಡಿಸಿದ್ದರು. ಗೊತ್ತಿಲ್ಲದ ಪದ ಎದುರಾದರೆ ಓದುಗ ಎಚ್ಚರವಾಗುತ್ತಾನೆ, ಗೊತ್ತಿದೆ ಎನ್ನಿಸಿದ ಪದದ ಮುಂದೆ ನಿಲ್ಲದೆ ದಾಟಿಬಿಡುತ್ತಾನೆ, ಅದಕ್ಕೆ.

ಇನ್ನೊಂದು ಪಾಠ ನನ್ನಂಥ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಹಬ್ಬವೇ ಆಗಿತ್ತು. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕು ಎಂದು ಹೇಳಿದ್ದನ್ನು ನಾನು ಬಿ.ಎ.ಯಲ್ಲಿ ಪರೀಕ್ಷೆಗಾಗಿ ಓದಿ ಮರೆತಿದ್ದೆ. ಮೇಡಂ ಅದನ್ನು ಶಬ್ದಸಂಪತ್ತಿಗೆ ತಂದು ಜೋಡಿಸಿದರು. ಕನ್ನಡ ದ್ರಾವಿಡ ಭಾಷೆಯಾದರೂ ನಮ್ಮ ಮಾತಿನಲ್ಲಿ ಸಂಸ್ಕೃತದ ತತ್ಸಮಗಳು ಬೇಕಾದಷ್ಟಿವೆ. ಅವುಗಳ ದೂರದ ನೆಂಟರು ಇಂಗ್ಲಿಷಿನೊಳಗೆ ಲ್ಯಾಟಿನ್ ದಾರಿಯಿಂದ ಬಂದು ಕೂತಿದ್ದಾರೆ. ದಂತಕ್ಕೆ ಡೆಂಟಲ್, ಮಾತೃವಿಗೆ ಮೆಟರ್ನಲ್, ಭ್ರಾತೃವಿಗೆ ಫ್ರಟರ್ನಲ್, ಅಗ್ನಿಗೆ ಇಗ್ನೈಟ್, ಮೃತಕ್ಕೆ ಮಾರ್ಟಲ್, ಯುವಕ್ಕೆ ಜುವೆನೈಲ್. ಅವರು ಹೆಚ್ಚು ಹೊತ್ತು ನಿಂತದ್ದು ‘ವಾಕ್’ ಎಂಬುದರ ಹತ್ತಿರ. ಲ್ಯಾಟಿನ್ನಿನಲ್ಲಿ ಅದರ ನೆಂಟ ‘ವೋಕ್ಸ್’, ದನಿ. ಅದೇ ಮನೆತನದ ಕ್ರಿಯಾಪದಕ್ಕೆ ಕರೆ ಎಂದು ಅರ್ಥ. ನಮ್ಮ ಪರವಾಗಿ ಮಾತಾಡಲು ಕರೆಸಿಕೊಂಡವರು ಅಡ್ವೊಕೇಟ್; ಕೊಟ್ಟ ಆದೇಶವನ್ನು ಹಿಂದಕ್ಕೆ ಕರೆದರೆ ರಿವೋಕ್; ಇದ್ದಲ್ಲಿಂದ ಎಬ್ಬಿಸಿ ಕರೆದರೆ ಪ್ರವೋಕ್; ಎರಡೂ ಕಡೆಗೆ ಸಮನಾಗಿ ದನಿ ಕೊಡುವ ಮಾತು ಇಕ್ವಿವೋಕಲ್, ಅಂದರೆ ದ್ವಂದ್ವಾರ್ಥದ್ದು; ಬದುಕಿನ ಕರೆಯೆಂದು ಹಿಡಿದ ಕಸುಬು ವೊಕೇಶನ್; ಕೊನೆಗೆ ನಾವು ಅಭ್ಯಾಸ ಮಾಡುತ್ತಿರುವ ವೊಕ್ಯಾಬುಲರಿ ಕೂಡ ಆ ಮನೆಯದೇ. ಅರ್ಧ ಗಂಟೆಯಲ್ಲಿ ಆರು ಪದ, ಅದೂ ಮರೆಯಲಾಗದ ಹಾಗೆ. ಹಾಗೆಂದು ಹೋಲಿಕೆಯ ಬೆನ್ನು ಹತ್ತಿ ಎಲ್ಲೆಂದರಲ್ಲಿ ಅರ್ಥ ಊಹಿಸಬಾರದು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ‘ಪೆನ್ಯೂರಿ’ಗೂ ಪೆನ್ನಿಗೂ ಸಂಬಂಧವಿಲ್ಲ, ಅದು ಕಡುಬಡತನ, ‘ಎನರ್ವೇಟ್’ ಎಂಬುದು ಎನರ್ಜಿಯಂತೆ ಕೇಳಿಸಿದರೂ ಅದರ ಅರ್ಥ ಶಕ್ತಿಗುಂದಿಸು.

ಮನೆಗೆಲಸವಾಗಿ ಅವರು ಕೊಡುತ್ತಿದ್ದ ಒಂದು ಅಭ್ಯಾಸಕ್ಕೆ ಖರ್ಚೇ ಇಲ್ಲ, ತರಗತಿಗೆ ಬರಲಾಗದವರೂ ಇದನ್ನು ಮಾಡಬಹುದು. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಒಂದೇ ಸಂಸ್ಥೆಯಿಂದ 1948ರಲ್ಲಿ ಆರಂಭವಾದ ಪತ್ರಿಕೆಗಳು. ಗ್ರಂಥಾಲಯದಲ್ಲಿ ಎರಡೂ ಸಿಗುತ್ತವೆ. ಒಂದೇ ದಿನದ ಒಂದೇ ಸುದ್ದಿಯನ್ನು ಮೊದಲು ಇಂಗ್ಲಿಷಿನಲ್ಲಿ ಓದಿ, ಅದರ ಸಾರವನ್ನು ಕನ್ನಡದಲ್ಲಿ ಮೂರು ವಾಕ್ಯ ಬರೆದು, ಆಮೇಲಷ್ಟೇ ಕನ್ನಡ ಪತ್ರಿಕೆಯ ಸುದ್ದಿಯನ್ನು ನೋಡಿ ನಮ್ಮದನ್ನು ತಾಳೆ ಹಾಕಬೇಕು. ಕ್ರಮ ತಿರುಗಿಸಬಾರದು, ಕನ್ನಡದಲ್ಲಿ ಓದಿಕೊಂಡು ಇಂಗ್ಲಿಷಿಗೆ ಹೋದರೆ ಅರ್ಥವಾದಂತೆ ಭಾಸವಾಗುತ್ತದೆ, ಓದಿನ ಶಕ್ತಿ ಬೆಳೆಯುವುದಿಲ್ಲ.

ಮೊದಲ ಎರಡು ತಿಂಗಳು ಗಡಿಯಾರವನ್ನೇ ತೋರಿಸುವುದಿಲ್ಲ. ಇದರಿಂದ ಹಲವರು ಚಡಪಡಿಸಿ ಮಧ್ಯದಲ್ಲಿ ಬಿಟ್ಟುಹೋದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಏಕೆಂದರೆ ಪರೀಕ್ಷೆಯ ಅಧಿಸೂಚನೆ ಹೊರಟ ಮೇಲೆ ಯಾರಿಗೂ ತಾಳ್ಮೆ ಇರುವುದಿಲ್ಲ. ಮೂರನೆಯ ತಿಂಗಳಿನಿಂದ ಶನಿವಾರಗಳಂದು ವೇಳೆ ಇಟ್ಟು ಬರೆಸುತ್ತಾರೆ. ಐಬಿಪಿಎಸ್ ಕ್ಲರ್ಕ್ ಲೆಕ್ಕದಲ್ಲಿ ಪ್ರಶ್ನೆಗೆ 40 ಸೆಕೆಂಡು ಮಾತ್ರ ಸಿಗುವುದರಿಂದ ಬಿಡಿ ಪ್ರಶ್ನೆಗಳನ್ನು ಮೊದಲು ಮುಗಿಸಿ, ಉಳಿದ ಹತ್ತು ನಿಮಿಷವನ್ನು ಪ್ಯಾಸೇಜಿಗೆ ಇಡುವುದು ಅವರ ಸಲಹೆ. ತಪ್ಪು ಉತ್ತರಕ್ಕೆ ಕಳೆಯುವ ಅಂಕದ ಲೆಕ್ಕವನ್ನೂ ಹಲಗೆಯ ಮೇಲೆ ಮಾಡಿ ತೋರಿಸಿದರು: ಐದು ಆಯ್ಕೆ ಇದ್ದು, ತಪ್ಪಿಗೆ ಕಾಲು ಅಂಕ ಕಳೆಯುವಲ್ಲಿ ಕಣ್ಣುಮುಚ್ಚಿ ಗುರುತಿಸುತ್ತ ಹೋದರೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ, ಎರಡು ಆಯ್ಕೆಗಳನ್ನು ಕಾರಣಸಹಿತ ಹೊಡೆದುಹಾಕಲು ಬಂದರೆ ಗುರುತಿಸುವುದೇ ಲಾಭ. ಇದನ್ನು ತಿಳಿದ ಮೇಲೆ ಹೆದರಿ ಪ್ರಶ್ನೆ ಬಿಟ್ಟುಬರುವ ನನ್ನ ಅಭ್ಯಾಸ ತಪ್ಪಿತು.

ಈಗ ಕೊರತೆಗಳು. ಮೊದಲನೆಯದು ಝೆರಾಕ್ಸ್ ನೋಟ್ಸಿನ ಉತ್ತರಸೂಚಿ. ಪ್ಯಾಸೇಜುಗಳನ್ನು ಅವರೇ ಬರೆಯುತ್ತಾರಾದರೂ ಬಿಡಿ ಪ್ರಶ್ನೆಗಳನ್ನು ಎಲ್ಲಿಂದಲೋ ಸಂಗ್ರಹಿಸಿ ಕೊಡುತ್ತಾರೆ, ಅವುಗಳಲ್ಲಿ ತಪ್ಪುಗಳಿವೆ. ಮೇಲೆ ಹೇಳಿದ ‘ಎನರ್ವೇಟ್’ ಪದಕ್ಕೇ ಒಂದು ಹಾಳೆಯಲ್ಲಿ ಚೈತನ್ಯ ತುಂಬು ಎಂಬ ಉತ್ತರ ಅಚ್ಚಾಗಿತ್ತು. ತೋರಿಸಿದಾಗ ಅವರು ಒಪ್ಪಿಕೊಂಡು ತರಗತಿಯಲ್ಲಿ ತಿದ್ದಿ ಹೇಳಿದರು, ಆದರೆ ನಮ್ಮ ನಂತರದ ಬ್ಯಾಚಿನವರ ಕೈಯಲ್ಲಿಯೂ ಅದೇ ತಿದ್ದದ ಹಾಳೆಯನ್ನು ನೋಡಿ ನನಗೆ ನಿಜವಾಗಿ ಬೇಸರವಾಯಿತು. ತರಗತಿಗೆ ಬರುವವರಿಗೆ ತಿದ್ದುಪಡಿ ಕಿವಿಗೆ ಬೀಳುತ್ತದೆ. ಹಳೆಯ ನೋಟ್ಸನ್ನು ಅರ್ಧ ಬೆಲೆಗೆ ಕೊಂಡು ಹಳ್ಳಿಯಲ್ಲಿ ಕೂತು ಓದುವವರ ಗತಿಯೇನು?

ಎರಡನೆಯದು ಶುಲ್ಕದ ಜೊತೆ 999 ರೂಪಾಯಿಗೆ ಕೊಳ್ಳಿರೆಂದು ಹೇಳುವ ಮೊಬೈಲ್ ಆ್ಯಪ್. ಅದು ಅವರದಲ್ಲ, ಬೇರೆ ಯಾರೋ ಮಾಡಿದ್ದು. ಕೊಳ್ಳುವುದು ಕಡ್ಡಾಯವೂ ಅಲ್ಲ. ಆದರೆ ಮೇಡಂ ಹೇಳಿದರು ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಬಹಳ ಜನ ಕೊಂಡರು. ಅದರಲ್ಲಿ ವಿವರಣೆ ಕನ್ನಡದಲ್ಲಿದೆ ಎಂಬುದು ಆಕರ್ಷಣೆ. ಓದಿ ನೋಡಿದರೆ ಆ ಕನ್ನಡ ಯಾರೂ ಆಡದ, ಯಾರೂ ಬರೆಯದ ಕನ್ನಡ. ‘ರನ್ ಆನ್ ದ ಬ್ಯಾಂಕ್’ ಎಂಬುದಕ್ಕೆ ‘ಬ್ಯಾಂಕಿನ ಮೇಲೆ ಓಟ’ ಎಂದು ಕೊಟ್ಟಿದ್ದಾರೆ. ಠೇವಣಿದಾರರೆಲ್ಲ ಹೆದರಿ ಒಮ್ಮೆಗೇ ತಮ್ಮ ದುಡ್ಡು ಬಿಡಿಸಿಕೊಳ್ಳಲು ಬ್ಯಾಂಕಿಗೆ ಮುಗಿಬೀಳುವುದು ಅದರ ಅರ್ಥ, ಮತ್ತು ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಅದು ತಿಳಿದಿರಲೇಬೇಕಾದ ಮಾತು. ಮನೆಯಿಂದ ತಿಂಗಳಿಗೆ ಇಷ್ಟೆಂದು ತರಿಸಿಕೊಂಡು ಬದುಕುವವರಿಗೆ 999 ರೂಪಾಯಿ ಎಂದರೆ ಅರ್ಧ ತಿಂಗಳ ಮೆಸ್ಸಿನ ಊಟ. ಈ ಆ್ಯಪನ್ನು ಕೊಳ್ಳಬೇಡಿ. ಮೇಡಂ ಕೂಡ ಅದನ್ನು ಒಮ್ಮೆ ಪೂರ್ತಿ ಓದಿ ನೋಡಿ, ಶಿಫಾರಸು ಮಾಡುವುದನ್ನು ನಿಲ್ಲಿಸಬೇಕೆಂದು ನನ್ನ ಕೋರಿಕೆ. ಅವರಿಗೇ ನೇರವಾಗಿ ಹೇಳಿಯೂ ಇದ್ದೇನೆ.

ಮೂರನೆಯದಾಗಿ, ಶನಿವಾರದ ಪರೀಕ್ಷೆಗಳೆಲ್ಲ ಕಾಗದದ ಮೇಲೆ ನಡೆಯುತ್ತವೆ. ಎಸ್‌ಎಸ್‌ಸಿ, ಬ್ಯಾಂಕ್ ಪರೀಕ್ಷೆಗಳು ನಡೆಯುವುದು ಕಂಪ್ಯೂಟರಿನಲ್ಲಿ. ಕಾಗದದಲ್ಲಿ ಗೆರೆ ಹಾಕಿ, ಕಂಸ ಬರೆದು ಓದಲು ಕಲಿತ ಕೈಗೆ ಕಂಪ್ಯೂಟರ್ ಪರದೆಯ ಮುಂದೆ ಏನು ಮಾಡಬೇಕೆಂದು ತೋಚುವುದಿಲ್ಲ. ಅಲ್ಲಿ ಪ್ಯಾಸೇಜ್ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ, ಸಾಲು ಹುಡುಕಲು ಮೌಸಿನಿಂದ ಮೇಲೆ ಕೆಳಗೆ ಎಳೆಯುತ್ತಿರಬೇಕು. ಕೊನೆಯ ತಿಂಗಳು ನಾನು ಸೈಬರ್ ಸೆಂಟರಿನಲ್ಲಿ ಗಂಟೆಗೆ ಮೂವತ್ತು ರೂಪಾಯಿ ಕೊಟ್ಟು ಪರದೆಯ ಮೇಲೆ ಅಭ್ಯಾಸ ಮಾಡಿಕೊಂಡೆ. ಕಡೆಯ ಎರಡು ವಾರವಾದರೂ ಗೆರೆ ಹಾಕದೆ, ಪೆನ್ನು ಮುಟ್ಟದೆ ಓದಿಸುವ ಅಭ್ಯಾಸವನ್ನು ತರಗತಿಯಲ್ಲಿಯೇ ಇಡಬೇಕು.

ಮುಖ್ಯ ಪರೀಕ್ಷೆ ಬರೆಯುವವರಿಗೆ ಒಂದು ಮಾತು. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಕಡ್ಡಾಯ ಇಂಗ್ಲಿಷ್ ಪತ್ರಿಕೆ 150 ಅಂಕದ್ದು, ತೇರ್ಗಡೆಗೆ ಶೇ. 35 ಬೇಕು, ಯುಪಿಎಸ್‌ಸಿಯಲ್ಲಿ ಅದು 300 ಅಂಕದ್ದು, ಶೇ. 25 ಬೇಕು. ಈ ಅಂಕಗಳು ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಇಲ್ಲಿ ಬಿದ್ದರೆ ಉಳಿದ ಪತ್ರಿಕೆಗಳಿಗೆ ಬೆಲೆಯೇ ಇಲ್ಲ. ಆ ಪತ್ರಿಕೆಯಲ್ಲಿ ಪ್ರಬಂಧ ಮತ್ತು ಪ್ಯಾಸೇಜನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಬರೆಯುವ ಪ್ರೆಸಿ ಇರುತ್ತವೆ. ಈ ತರಗತಿಯಲ್ಲಿ ಬರವಣಿಗೆಯನ್ನು ಹೇಳಿಕೊಡುವುದಿಲ್ಲ. ಓದಿ ಅರ್ಥ ಮಾಡಿಕೊಳ್ಳುವ ಭಾಗಕ್ಕೆ ಮಾತ್ರ ಇಲ್ಲಿಯ ಪಾಠ ಸಾಕು.

ಕೋಣೆ ಚಿಕ್ಕದು, ಬ್ಯಾಚಿನಲ್ಲಿ ಅರವತ್ತರ ಹತ್ತಿರ ಜನ. ಮೇಡಂ ಮೈಕ್ ಬಳಸುವುದಿಲ್ಲ. ಹಿಂದಿನ ಎರಡು ಸಾಲಿಗೆ ಹಲಗೆಯ ಕೆಳಭಾಗವೂ ಕಾಣುವುದಿಲ್ಲ.

ಕೊನೆಯ ವಾರ, ಸೇರಿದಾಗ ಕೊಟ್ಟಿದ್ದಂಥದೇ ಮಟ್ಟದ 25 ಪ್ರಶ್ನೆಗಳ ಪರೀಕ್ಷೆಯನ್ನು ಮತ್ತೆ ಬರೆಸಿದರು. ನನ್ನ 9 ಈಗ 18 ಆಗಿತ್ತು. ಉಳಿದ ಏಳರಲ್ಲಿ ನಾಲ್ಕು ಈಡಿಯಮ್ಮುಗಳವು, ಅಂದರೆ ನುಡಿಗಟ್ಟುಗಳವು. ಅವು ಪ್ಯಾಸೇಜುಗಳಲ್ಲಿ ಅಪರೂಪಕ್ಕೆ ಬರುವುದರಿಂದ ನಮ್ಮ ಐದು ಪದಗಳ ಕ್ರಮದಲ್ಲಿ ಹಿಂದೆ ಬಿದ್ದಿವೆ, ಅವುಗಳನ್ನು ಬೇರೆಯಾಗಿಯೇ ಓದಿಕೊಳ್ಳಬೇಕು. ಗದಗಿನ ಆ ಹುಡುಗ 6ರಿಂದ 17ಕ್ಕೆ ಬಂದ. ಪದವಿಯವರೆಗೆ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ಇಬ್ಬರು 17ರಿಂದ 19ಕ್ಕೆ ಬಂದು ನಿಂತರು; ವೇಗವೊಂದೇ ಬೇಕಾಗಿದ್ದ ಅವರಿಗೆ ಈ ತರಗತಿಯ ಮೊದಲ ಎರಡು ತಿಂಗಳು ನಿಧಾನವೆನ್ನಿಸಿದ್ದು ಸಹಜ, ಅವರು ಪರೀಕ್ಷಾ ಸರಣಿಯೊಂದನ್ನು ಕೊಂಡು ಅಭ್ಯಾಸ ಮಾಡುವುದೇ ಒಳ್ಳೆಯದು. ಪ್ಯಾಸೇಜ್ ಕಂಡೊಡನೆ ಎದೆ ಹೊಡೆದುಕೊಳ್ಳುವ, ಕನ್ನಡದಲ್ಲಿ ಚೆನ್ನಾಗಿ ಯೋಚಿಸಬಲ್ಲ, ಕೈಯಲ್ಲಿ ಕನಿಷ್ಠ ನಾಲ್ಕು ತಿಂಗಳು ಇರುವ ಅಭ್ಯರ್ಥಿಗಳಿಗೆ ಮಾತ್ರ 4,500 ರೂಪಾಯಿ ಕೊಟ್ಟು ಸೇರಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಪರೀಕ್ಷೆಗೆ ತಿಂಗಳಷ್ಟೇ ಉಳಿದಿದ್ದರೆ ಈ ಸಲ ಬೇಡ.

ಮೊದಲ ಮೂರು ದಿನ ಶುಲ್ಕವಿಲ್ಲದೆ ಕೂರಲು ಬಿಡುತ್ತಾರೆ. ಹೋಗುವಾಗ ನೀವು ಬರೆದ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು, ತಪ್ಪಾದ ಉತ್ತರಗಳ ಗುರುತಿನೊಂದಿಗೆ, ತೆಗೆದುಕೊಂಡು ಹೋಗಿ. ಪಾಠ ಮುಗಿದ ಮೇಲೆ ಹದಿನೈದು ನಿಮಿಷ ನಿಂತು, ಯಾವ ಸಾಲಿನಲ್ಲಿ ಎಡವಿದಿರಿ ಎಂದು ಒಂದೊಂದಾಗಿ ನೋಡಿ ಹೇಳುತ್ತಾರೆ. ಮುಂದಿನ ಬೆಂಚು ಬೇಕಿದ್ದರೆ ಐದೂವರೆಗೆಲ್ಲ ಅಲ್ಲಿರಬೇಕು.